ಎಂಟನೇ ದಿನದ ಜ್ವರ

ಆರೋಗ್ಯ ಉಪಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಶುರುಮಾಡಿದ ಹೊಸತರಲ್ಲಿ ಎಲ್ಲ ತಾಯಂದಿರಿಗೂ ಒಂದೇ ಮಾತು ಹೇಳುತ್ತಿದ್ದೆ: "ಅರ್ಧ ಗಂಟೆ ಕೂತಿರಿ. ಎರಡು ದಿನ ಜ್ವರ ಬರಬಹುದು, ಆಮೇಲೆ ಏನೂ ಇರಲ್ಲ." ಒಂಬತ್ತು ತಿಂಗಳ ಮಗುವೊಂದಕ್ಕೆ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗಲೂ ಅದನ್ನೇ ಹೇಳಿ ಕಳಿಸಿದೆ.

ಎಂಟನೇ ದಿನ ಆ ಮಗುವಿಗೆ ಜ್ವರ ಬಂತು, ಮೈಮೇಲೆ ಸಣ್ಣ ಕೆಂಪು ಗುಳ್ಳೆಗಳು ಎದ್ದವು. ನಾನು ಹೋಗುವಷ್ಟರಲ್ಲಿ ಮನೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. "ಎರಡು ದಿನ ಅಂದಿದ್ದೆಯಲ್ಲವ್ವ, ಇದೇನಿದು?" ಎಂದು ಅಜ್ಜಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಳ್ಳೆ ಎರಡು ದಿನದಲ್ಲಿ ಹೋಯಿತು. ಆದರೆ ಮಗುವಿಗೆ ಒಂದೂವರೆ ವರ್ಷವಾದಾಗ ಎರಡನೇ ಡೋಸ್‌ಗೆ ಒಪ್ಪಿಸಲು ನಾನು ಮತ್ತು ಆಶಾ ಕಾರ್ಯಕರ್ತೆ ಮೂರು ಸಲ ಅವರ ಮನೆಗೆ ಹೋಗಬೇಕಾಯಿತು.

ಆಮೇಲೆ ನಮ್ಮ ಡಾಕ್ಟರ್ ಬಿಡಿಸಿ ಹೇಳಿದರು. ಐದು ರೋಗ ತಡೆಯುವ ಪೆಂಟಾ ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ. ದೇಹ ಅದನ್ನು ಕಂಡ ಕೂಡಲೇ ಎದುರಿಸುತ್ತದೆ. ಹಾಗಾಗಿ ಜ್ವರ, ತೊಡೆಯ ಊತ, ಕಿರಿಕಿರಿ ಎಲ್ಲ ಅವತ್ತೇ ಶುರುವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರ-ರುಬೆಲ್ಲಾದಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಅದು ಮೈಯೊಳಗೆ ಸ್ವಲ್ಪ ಬೆಳೆಯಬೇಕು, ಆಮೇಲೆ ದೇಹ ಎದ್ದು ನಿಲ್ಲುತ್ತದೆ. ಅದಕ್ಕೇ ಜ್ವರ, ಗುಳ್ಳೆ ಬರುವುದಾದರೆ ಸುಮಾರು 5ರಿಂದ 12ನೇ ದಿನದ ನಡುವೆ. ಹುಟ್ಟಿದ ಕೂಡಲೇ ಹಾಕುವ ಕ್ಷಯರೋಗದ ಲಸಿಕೆ ಬಿಸಿಜಿ ಇನ್ನೂ ನಿಧಾನ. ಎರಡು ಮೂರು ವಾರ ಕಳೆದ ಮೇಲೆ ತೋಳಿನಲ್ಲಿ ಸಣ್ಣ ಗಂಟು ಏಳುತ್ತದೆ, ಒಡೆದು ಕೀವು ಬಂದು, ಮೂರು ತಿಂಗಳೊಳಗೆ ಒಣಗಿ ಕಲೆ ಉಳಿಯುತ್ತದೆ. ಅದಕ್ಕೆ ಅರಿಶಿನ, ಸುಣ್ಣ ಹಚ್ಚಬೇಡಿ, ಹಿಂಡಬೇಡಿ ಅಂತ ಹೆರಿಗೆ ವಾರ್ಡಿನಲ್ಲೇ ಹೇಳಿಬಿಡುತ್ತೇನೆ.

ಈಗ ತಾಯಿ ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆದು ಕೊಡುತ್ತೇನೆ. ಇವತ್ತು 3ನೇ ತಾರೀಕು ದಡಾರದ ಲಸಿಕೆ ಹಾಕಿದರೆ "8ರಿಂದ 15" ಎಂದು. ಒಂಬತ್ತನೇ ತಿಂಗಳಲ್ಲಿ ಪಿಸಿವಿ (ನ್ಯುಮೋಕಾಕಲ್ ಲಸಿಕೆ) ಬೂಸ್ಟರ್ ಕೂಡ ಇರುತ್ತದೆ, ಅದರ ಜ್ವರ ಮೊದಲ ಎರಡು ದಿನದಲ್ಲೇ ಬರಬಹುದು. ಅಂದರೆ ಒಂದೇ ದಿನದ ಸೂಜಿಗೆ ಎರಡು ಸಲ ಜ್ವರ. ಇದನ್ನು ಮೊದಲೇ ಹೇಳಿದರೆ ಯಾರೂ ಹೆದರುವುದಿಲ್ಲ. ಅಜ್ಜಿ ಜೊತೆಗೆ ಬಂದಿದ್ದರೆ ಅವರನ್ನೂ ಕರೆದು ಹೇಳುತ್ತೇನೆ, ಮನೆಯಲ್ಲಿ ನಡೆಯುವುದು ಅವರ ಮಾತೇ ಅಲ್ವಾ.

ಈ ಲೆಕ್ಕ ಗೊತ್ತಿದ್ದರೆ ಇನ್ನೂ ದೊಡ್ಡ ಉಪಯೋಗ ಇದೆ. ಒಮ್ಮೆ ಮೂರೂವರೆ ತಿಂಗಳ ಮಗುವೊಂದಕ್ಕೆ ಪೆಂಟಾ ಹಾಕಿದ ನಾಲ್ಕನೇ ದಿನ ಜ್ವರ ಬಂತು. "ಸೂಜಿ ಜ್ವರ, ತಾನೇ ಹೋಗುತ್ತೆ" ಎಂದು ಮನೆಯವರು ಸುಮ್ಮನಿದ್ದರು. ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಬಂದ ಜ್ವರ ಪೆಂಟಾದ್ದಲ್ಲ ಎಂದು ನನಗೆ ಅನ್ನಿಸಿತು. ಹೋಗಿ ನೋಡಿದರೆ ಮಗುವಿನ ಉಸಿರಾಟ ಜೋರಾಗಿತ್ತು, ಪಕ್ಕೆ ಒಳಗೆ ಎಳೆಯುತ್ತಿತ್ತು. ಅದು ನ್ಯುಮೋನಿಯಾ. ಅವತ್ತೇ ಆಸ್ಪತ್ರೆಗೆ ಸೇರಿಸಿದೆವು, ಉಳಿಯಿತು. ಹಾಗಾಗಿ ಬರೆದ ತಾರೀಕಿನ ಆಚೆ ಜ್ವರ ಬಂದರೆ ಲಸಿಕೆಯನ್ನು ದೂರಿ ಕೂರಬೇಡಿ, ಮಗುವನ್ನು ತೋರಿಸಿ ಎನ್ನುತ್ತೇನೆ. ತಾರೀಕಿನ ಒಳಗೇ ಇದ್ದರೂ ಫಿಟ್ಸ್ ಬಂದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಮೂರು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಅತ್ತರೆ ಕಾಯುವ ಹಾಗಿಲ್ಲ. ಅಂಥದ್ದು ಬಂದರೆ ನಾನು ತಕ್ಷಣ ಡಾಕ್ಟರಿಗೆ ತಿಳಿಸುತ್ತೇನೆ, 24 ಗಂಟೆಯೊಳಗೆ ಜಿಲ್ಲೆಗೆ ವರದಿ ಹೋಗಬೇಕು.

ಇನ್ನು ಆ ಅರ್ಧ ಗಂಟೆ. ಅದು ಜ್ವರ ನೋಡಲಿಕ್ಕಲ್ಲ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟುವುದು. ಆಗ ತೊಡೆಗೆ ಅಡ್ರಿನಲಿನ್ ಎಂಬ ಔಷಧಿಯ ಸೂಜಿ ಕೊಡಬೇಕು. ಪ್ರತಿ ಗುರುವಾರ ಮೊದಲ ಸೂಜಿಗೂ ಮುಂಚೆ ಕಿಟ್ ತೆರೆದು ಆ ಔಷಧಿಯ ಅವಧಿ ಮುಗಿದಿಲ್ಲ ತಾನೇ ಎಂದು ನೋಡುತ್ತೇನೆ. ತಾಯಂದಿರು "ಬಸ್ ಹೋಗಿಬಿಡುತ್ತೆ ಸಿಸ್ಟರ್" ಎಂದು ಹತ್ತೇ ನಿಮಿಷಕ್ಕೆ ಎದ್ದು ಹೊರಡುತ್ತಿದ್ದರು. ಈಗ ಬಂದ ಕೂಡಲೇ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿ, ದೂರದ ಊರಿನವರಿಗೆ ಮೊದಲು ಹಾಕಿ ಕೂರಿಸುತ್ತೇನೆ.