ಕ್ರಾಂತಿಯ ಪ್ರಭಾವ ಇನ್ನೊಂದು ದೇಶಕ್ಕೆ ತಲುಪಿದ ಜಾಡು ಹಿಡಿಯುವುದು ಹೇಗೆ?

‘ಫ್ರೆಂಚ್ ಕ್ರಾಂತಿಯಿಂದ ಪ್ರೇರಿತರಾಗಿ ಹೈಟಿಯ ಗುಲಾಮರು ದಂಗೆ ಎದ್ದರು’ ಎಂಬ ಸಾಲು ಸೆಮಿನಾರ್ ಪ್ರಬಂಧಗಳಲ್ಲೂ ಪರೀಕ್ಷೆಯ ಉತ್ತರಗಳಲ್ಲೂ ಪದೇ ಪದೇ ಕಾಣುತ್ತದೆ. ಸಾಲು ಪೂರ್ತಿ ತಪ್ಪಲ್ಲ, ಆದರೆ ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ವಿಚಾರ, ಯಾರ ಮೂಲಕ, ಯಾವಾಗ ಬಂದು ಮುಟ್ಟಿತು? ಕೇಳಿಸಿಕೊಂಡವರು ಅದನ್ನಿಟ್ಟುಕೊಂಡು ಏನು ಮಾಡಿದರು? ಇಷ್ಟು ತೋರಿಸಿದ ಮೇಲೆಯೇ ಪ್ರಭಾವದ ಮಾತು ಆಡಬೇಕು.

ವಿಷಯವನ್ನು ಕಿರಿದು ಮಾಡಿ

‘ಜ್ಞಾನೋದಯದ ವಿಚಾರಗಳು’, ಅಂದರೆ ಹದಿನೆಂಟನೇ ಶತಮಾನದ ಯುರೋಪಿನ ವೈಚಾರಿಕ ಚಳವಳಿಯ ಚಿಂತನೆಗಳು, ಎಂದು ಹೊರಟರೆ ರೂಸೋ, ಮಾಂಟೆಸ್ಕ್ಯೂ, ವೋಲ್ಟೇರ್ ಎಲ್ಲರೂ ಬಂದು ಕೂರುತ್ತಾರೆ, ಯಾರೂ ಕೈಗೆ ಸಿಗುವುದಿಲ್ಲ. ಒಂದು ದಾಖಲೆ, ಒಂದು ಸ್ಥಳ, ಹತ್ತು-ಹದಿನೈದು ವರ್ಷಗಳ ಅವಧಿ ಸಾಕು. ಇಲ್ಲಿ ಉದಾಹರಣೆಗೆ ತೆಗೆದುಕೊಂಡ ದಾಖಲೆ ಫ್ರಾನ್ಸಿನ ರಾಷ್ಟ್ರೀಯ ಸಭೆ 1789ರ ಆಗಸ್ಟ್ 26ರಂದು ಅಂಗೀಕರಿಸಿದ ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆ. ಅದರಲ್ಲಿ ಇರುವುದು 17 ವಿಧಿಗಳು, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು. ಸ್ಥಳ ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಸ್ಯಾಂ ದೊಮಾಂಗ್, ಅಂದರೆ ಇಂದಿನ ಹೈಟಿ. ಅವಧಿ 1789ರಿಂದ 1804.

ಎರಡು ದಿನಾಂಕಗಳ ಪಟ್ಟಿ

ಇದು ಇಡೀ ಕೆಲಸದ ಬೆನ್ನೆಲುಬು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಘಟನೆ ನಡೆದ ದಿನ, ಎರಡನೆಯದರಲ್ಲಿ ಸುದ್ದಿ ಮುಟ್ಟಿದ ದಿನ, ಮೂರನೆಯದರಲ್ಲಿ ಆಮೇಲಿನ ಮೂರು ತಿಂಗಳಲ್ಲಿ ಅಲ್ಲಿ ನಡೆದದ್ದು. ಆ ಕಾಲದಲ್ಲಿ ಹಾಯಿಹಡಗು ಫ್ರಾನ್ಸಿನಿಂದ ಅಲ್ಲಿಗೆ ಹೋಗಲು ಸುಮಾರು ಆರರಿಂದ ಎಂಟು ವಾರ ಬೇಕಿತ್ತು. ಎರಡನೇ ಕಾಲಂ ಬಿಟ್ಟರೆ ಕಾರಣ-ಪರಿಣಾಮ ತಲೆಕೆಳಗಾಗುತ್ತವೆ.

ಒಂದು ಸಾಲನ್ನು ತುಂಬಿ ನೋಡೋಣ. 1791ರ ಮೇ 15ರಂದು ಪ್ಯಾರಿಸ್‌ನ ರಾಷ್ಟ್ರೀಯ ಸಭೆಯಲ್ಲಿ, ಸ್ವತಂತ್ರ ತಂದೆ-ತಾಯಿಗೆ ಹುಟ್ಟಿದ ಮಿಶ್ರವರ್ಣದವರಿಗೆ ರಾಜಕೀಯ ಹಕ್ಕು ಕೊಡುವ ನಿರ್ಣಯ ಆಯಿತು. ಅದರ ಲಾಭ ಸಿಗುತ್ತಿದ್ದದ್ದು ಸಣ್ಣ ಗುಂಪಿಗೆ ಮಾತ್ರ. ಜೂನ್ ಕೊನೆಯ ಹೊತ್ತಿಗೆ ಸುದ್ದಿ ಅಲ್ಲಿ ಮುಟ್ಟಿತು, ಬಿಳಿಯ ತೋಟದ ಮಾಲೀಕರು ಕೆರಳಿದರು. ಅವರ ಕಿತ್ತಾಟ ನಡೆದಿರುವಾಗಲೇ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಬಂಡೆದ್ದರು. ಸೆಪ್ಟೆಂಬರ್ 24ರಂದು ಪ್ಯಾರಿಸ್ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಇದು ಬಂಡಾಯಕ್ಕೆ ಹೆದರಿ ಮಾಡಿದ್ದು ಎಂದು ಬರೆದರೆ ತಪ್ಪು, ಬಂಡಾಯದ ಸುದ್ದಿ ಆಗಿನ್ನೂ ಪ್ಯಾರಿಸ್ ಸೇರಿರಲೇ ಇಲ್ಲ.

ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದು: ‘1794ರ ಫೆಬ್ರವರಿ 4ರಂದು ಫ್ರಾನ್ಸ್ ಗುಲಾಮಗಿರಿ ರದ್ದು ಮಾಡಿತು, ಅದರಿಂದ ಹೈಟಿಯ ಗುಲಾಮರು ಬಿಡುಗಡೆಯಾದರು’ ಎನ್ನುವುದು. ಪ್ಯಾರಿಸ್‌ನಿಂದ ಹೋಗಿದ್ದ ಆಯುಕ್ತ ಸೋಂತೊನಾ ಉತ್ತರ ಪ್ರಾಂತದಲ್ಲಿ 1793ರ ಆಗಸ್ಟ್ 29ರಂದೇ ವಿಮೋಚನೆ ಸಾರಿದ್ದ. ಸ್ಪೇನ್, ಬ್ರಿಟನ್ ಎರಡರ ಮೇಲೂ ಯುದ್ಧ ನಡೆಯುತ್ತಿತ್ತು, ಆಯುಧ ಹಿಡಿದ ಗುಲಾಮರ ಬೆಂಬಲವಿಲ್ಲದೆ ವಸಾಹತು ಉಳಿಯುವಂತಿರಲಿಲ್ಲ. ಇಲ್ಲಿ ಪ್ರಭಾವ ಹರಿದದ್ದು ದ್ವೀಪದಿಂದ ಪ್ಯಾರಿಸ್‌ನ ಕಡೆಗೆ. ಕಾನೂನು ಮಾಡಿದವರಷ್ಟೇ, ನನ್ನ ಮಟ್ಟಿಗೆ ಅವರಿಗಿಂತ ಹೆಚ್ಚು, ಹೊಲದಲ್ಲಿ ನಿಂತು ಹೋರಾಡಿದವರಿಗೆ ಈ ಶ್ರೇಯ ಸಲ್ಲಬೇಕು.

ಕೇಳಿಸಿಕೊಂಡವರನ್ನು ಗುಂಪುಗಳಾಗಿ ಬಿಡಿಸಿ

ಕ್ರಾಂತಿಯ ಹೊಸ್ತಿಲಲ್ಲಿ ಅಲ್ಲಿ ಸುಮಾರು ಐದು ಲಕ್ಷ ಗುಲಾಮರು, ಮೂವತ್ತು ಸಾವಿರದಷ್ಟು ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಮಂದಿ ಸ್ವತಂತ್ರ ಕರಿಯರು ಮತ್ತು ಮಿಶ್ರವರ್ಣದವರು ಇದ್ದರು. ಒಂದೇ ಘೋಷಣೆ ಮೂರು ಗುಂಪಿಗೂ ಬೇರೆ ಬೇರೆಯಾಗಿ ಕೇಳಿಸಿತು. ಆಸ್ತಿಯ ಹಕ್ಕು ಪವಿತ್ರ ಎನ್ನುವ 17ನೇ ವಿಧಿ ಮಾಲೀಕರಿಗೆ ಹಿಡಿಸಿತು, ಏಕೆಂದರೆ ಅವರ ಲೆಕ್ಕದಲ್ಲಿ ಗುಲಾಮರೂ ಆಸ್ತಿ. ಮಿಶ್ರವರ್ಣದವರು ಸಮಾನತೆಯ ಮೊದಲನೇ ವಿಧಿ ಹಿಡಿದರು. ಪ್ಯಾರಿಸ್‌ನಲ್ಲಿ ಅಹವಾಲು ಹೇಳಿ ಸೋತು ಮರಳಿದ ವಿನ್ಸೆಂಟ್ ಓಜೆ 1790ರಲ್ಲಿ ದಂಗೆ ಎದ್ದ, ಮರುವರ್ಷ ಫೆಬ್ರವರಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಗುಲಾಮರ ನಡುವೆ ಹಬ್ಬಿದ್ದು ಮತ್ತೊಂದು ಸುದ್ದಿ: ರಾಜ ವಾರಕ್ಕೆ ಮೂರು ದಿನ ಬಿಡುವು ಕೊಟ್ಟಿದ್ದಾನೆ, ಮಾಲೀಕರು ಅದನ್ನು ಮುಚ್ಚಿಟ್ಟಿದ್ದಾರೆ ಎಂದು. ಹಾಗಾಗಿಯೇ 1791ರ ಬಂಡಾಯಗಾರರಲ್ಲಿ ಹಲವರು ರಾಜನ ಹೆಸರಿನಲ್ಲೇ ಹೋರಾಡಿದರು. ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದಲ್ಲಿ ಹುಟ್ಟಿದವರು. ಕಾಂಗೋ ರಾಜ್ಯದ ಅಂತರ್ಯುದ್ಧಗಳಲ್ಲಿ ಕಾದಾಡಿದ ಅನುಭವವೂ ಅವರಲ್ಲಿ ಕೆಲವರ ಜೊತೆ ಬಂದಿತ್ತು. ಎಲ್ಲವನ್ನೂ ಯುರೋಪಿನ ಖಾತೆಗೆ ಬರೆದರೆ ಇದು ಬಿಟ್ಟುಹೋಗುತ್ತದೆ.

ಹೊತ್ತು ತಂದವರನ್ನು ಹೆಸರಿಸಿ

ಇದಕ್ಕೆ ಆಗ ಸ್ಪೇನಿನ ವಶದಲ್ಲಿದ್ದ, ಇಂದು ಕೊಲಂಬಿಯದ ರಾಜಧಾನಿಯಾದ ಬೊಗೊಟಾದ ಆಂಟೋನಿಯೊ ನರಿನ್ಯೊ ಒಳ್ಳೆಯ ಮಾದರಿ. 1793ರಲ್ಲಿ ಅವನು ಅದೇ ಘೋಷಣೆಯನ್ನು ಸ್ಪ್ಯಾನಿಷ್‌ಗೆ ತಂದು ತನ್ನದೇ ಮುದ್ರಣಾಲಯದಲ್ಲಿ ಅಚ್ಚು ಹಾಕಿದ. ಪ್ರತಿಗಳು ಹೊರಗೆ ಹೋದದ್ದು ಬೆರಳೆಣಿಕೆಯಷ್ಟು, ಅಪಾಯದ ವಾಸನೆ ಬಡಿದು ಉಳಿದವನ್ನು ಸುಟ್ಟ. ಆದರೂ 1794ರಲ್ಲಿ ಬಂಧನವಾಗಿ ಹತ್ತು ವರ್ಷದ ಶಿಕ್ಷೆ ಬಿತ್ತು. ಇಲ್ಲಿ ಪಠ್ಯ, ಯಂತ್ರ, ಮನುಷ್ಯ, ಸರ್ಕಾರದ ಭಯ ನಾಲ್ಕೂ ಒಟ್ಟಿಗೆ ಸಿಗುತ್ತವೆ. ಇಂಥ ಒಂದು ಕೊಂಡಿ ಸಿಕ್ಕರೂ ನಿಮ್ಮ ಪ್ರಬಂಧಕ್ಕೆ ನೆಲೆ ಸಿಕ್ಕಂತೆ.

ಕೊಂಡಿ ಮುಂದಕ್ಕೂ ಹೋಗುತ್ತದೆಯೇ ನೋಡಿ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1816ರಲ್ಲಿ ಅಲ್ಲಿನ ಅಧ್ಯಕ್ಷ ಪೆಟಿಯೋನ್, ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ನಾಯಕ ಸಿಮೋನ್ ಬೊಲಿವಾರ್‌ಗೆ ಆಯುಧ, ಹಡಗು ಕೊಟ್ಟು ಗುಲಾಮರನ್ನು ಬಿಡುಗಡೆ ಮಾಡಬೇಕೆಂಬ ಮಾತು ತೆಗೆದುಕೊಂಡ.

ಸಾಕ್ಷ್ಯ ಯಾರ ಕೈಯಿಂದ ಬಂತು?

ಕನ್ನಡ ಓದುಗರಿಗೆ ಪರಿಚಿತವಾದ ಪ್ರಕರಣ ಶ್ರೀರಂಗಪಟ್ಟಣದ ಜಾಕೊಬಿನ್ ಕ್ಲಬ್ (ಜಾಕೊಬಿನ್ ಎಂದರೆ ಫ್ರೆಂಚ್ ಕ್ರಾಂತಿಯ ಉಗ್ರವಾದಿ ರಾಜಕೀಯ ಕೂಟ). 1797ರಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಸಭೆ ಸೇರಿ, ಸ್ವಾತಂತ್ರ್ಯದ ವೃಕ್ಷ ನೆಟ್ಟರು, ಟಿಪ್ಪು ಸುಲ್ತಾನ ‘ನಾಗರಿಕ ಟಿಪ್ಪು’ ಆದ ಎಂಬ ಕಥೆ ಬಹಳ ಪ್ರಚಲಿತ. ಇದರ ಮುಖ್ಯ ಆಧಾರ 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬ್ರಿಟಿಷರು ಸಿಕ್ಕಿತೆಂದು ಪ್ರಕಟಿಸಿದ ಕಾಗದಪತ್ರ. ಯುದ್ಧವನ್ನು ಸಮರ್ಥಿಸಿಕೊಳ್ಳಲು ಅವರಿಗೆ ಅದು ಬೇಕಿತ್ತು, ಹಾಗಾಗಿ ಅದರ ನಂಬಲರ್ಹತೆಯ ಬಗ್ಗೆ ಇತಿಹಾಸಕಾರರಲ್ಲಿ ತಕರಾರಿದೆ. ಟಿಪ್ಪುವಿನ ನೆರವಿಗೆ ಸ್ವಯಂಸೇವಕರನ್ನು ಕರೆದು ಮಾರಿಷಸ್‌ನ ಗವರ್ನರ್ ಮಲಾರ್ತಿಕ್ 1798ರ ಜನವರಿ 30ರಂದು ಹೊರಡಿಸಿದ ಪ್ರಕಟಣೆಯಾದರೋ ಅಲ್ಲಿಯೇ ಬಹಿರಂಗವಾಗಿ ಹೊರಬಿದ್ದದ್ದು. ಆ ಕರೆಗೆ ಓಗೊಟ್ಟು ಮಂಗಳೂರಿಗೆ ಬಂದಿಳಿದವರು ನೂರು ಜನರ ಆಸುಪಾಸು. ಬರೆಯುವಾಗ ಎರಡನ್ನೂ ಒಂದೇ ತೂಕದಲ್ಲಿ ಇಡಬೇಡಿ. ಪ್ರಕಟಣೆಯನ್ನು ನಡೆದ ಸಂಗತಿಯಾಗಿ ಬರೆಯಿರಿ. ಕ್ಲಬ್ಬಿನ ವಿವರಗಳಿಗೆ ‘ಬ್ರಿಟಿಷರು ಪ್ರಕಟಿಸಿದ ಕಾಗದಗಳ ಪ್ರಕಾರ’ ಎಂದು ಸೇರಿಸಿ, ಅದನ್ನು ಅಡಿಟಿಪ್ಪಣಿಗೆ ತಳ್ಳದೆ ವಾಕ್ಯದಲ್ಲೇ ಇಡಿ.