ಮನೆಗೊಂದು ಸ್ಟೋರೇಜ್ ಸರ್ವರ್ ಕಟ್ಟೋದಾದ್ರೆ ಡಿಸ್ಕಿಂದ ಶುರು ಮಾಡಿ

ಹೋಮ್ ಸರ್ವರ್ (ಮನೆಯವರ ಫೈಲೆಲ್ಲಾ ಇಟ್ಟು ಟಿವಿಗೆ, ಫೋನಿಗೆ ಕಳಿಸೋ ಕಂಪ್ಯೂಟರು) ಕಟ್ಬೇಕು, ಪಾರ್ಟ್ಸ್ ಲಿಸ್ಟ್ ಮಾಡಿದೀನಿ, ಸ್ವಲ್ಪ ನೋಡಿ ಹೇಳಿ ಅಂತ ಗೆಳೆಯರು ಕಳಿಸ್ತಾನೇ ಇರ್ತಾರೆ. ಬಿಚ್ಚಿ ನೋಡಿದ್ರೆ ಎಲ್ಲಾ ಲಿಸ್ಟೂ ಒಂದೇ ಥರ: ಮೊದಲ ಸಾಲಲ್ಲಿ ಎಂಟು ಕೋರಿನ ಪ್ರೊಸೆಸರು, ಆಮೇಲೆ ಚೆಂದದ ಕೇಸು, 32 ಜಿಬಿ ರ್ಯಾಮು, ಕೊನೇ ಸಾಲಲ್ಲಿ ಹಾರ್ಡ್ ಡಿಸ್ಕು, ಅದೂ ಉಳಿದ ದುಡ್ಡಲ್ಲಿ ಯಾವುದು ಬರತ್ತೋ ಅದು. ಇದು ಪೂರ್ತಿ ತಲೆಕೆಳಗು. ಫೋಟೋ, ಸಿನಿಮಾ, ಹಾಡು, ಮಕ್ಕಳ ವಿಡಿಯೋ ಎಲ್ಲಾ ಕೂರೋದು ಡಿಸ್ಕಲ್ಲಿ. ಪ್ರೊಸೆಸರ್ ಹೋದ್ರೆ ಬೇರೆ ತರಬಹುದು, ಡಿಸ್ಕ್ ಹೋದ್ರೆ ಅದರಲ್ಲಿದ್ದಿದ್ದು ಹೋಯ್ತು. ಬಜೆಟ್ಟಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕಿಗೇ ಎತ್ತಿಡಿ, ಮಿಕ್ಕಿದ್ದರಲ್ಲಿ ಬಾಕಿ ಸಾಮಾನು.

ಹೆಜ್ಜೆ 1: ಜಾಗದ ಲೆಕ್ಕ

ಈಗ ಇರೋ ಫೈಲುಗಳ ಒಟ್ಟು ಸೈಜ್ ನೋಡಿ, ಅದರ ಎರಡರಷ್ಟು ಇಟ್ಕೊಳ್ಳಿ, ಸಾಕು. 4 ಟಿಬಿ ಡಿಸ್ಕು ವಿಂಡೋಸಲ್ಲಿ 3.63 ಅಂತ ಕಾಣೋದು ಮೋಸ ಅಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

8 ಟಿಬಿ ಬೇಕು ಅಂದ್ರೆ 4 ಟಿಬಿಯ ಮೂರು ಡಿಸ್ಕು ಹಾಕಿ ರೇಡ್ 5 (ಹಲವು ಡಿಸ್ಕು ಒಟ್ಟುಗೂಡಿಸಿ, ಒಂದು ಸತ್ರೂ ಉಳಿದವುಗಳಿಂದ ಲೆಕ್ಕ ಹಾಕಿ ಡೇಟಾ ವಾಪಸ್ ಪಡೆಯೋ ವಿಧಾನ) ಮಾಡೋ ಬದಲು 8 ಟಿಬಿಯ ಎರಡು ಡಿಸ್ಕು ತಗೊಂಡು ಮಿರರ್ (ಎರಡರಲ್ಲೂ ಅದೇ ಡೇಟಾ) ಮಾಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ಡಿಸ್ಕು ಸುಮ್ನೆ ತಿರುಗ್ತಾ ಇದ್ರೂ ಹತ್ತಿರ ಹತ್ತಿರ 5 ವ್ಯಾಟ್ ತಿನ್ನತ್ತೆ, ಒಂದು ಪೋರ್ಟು ಹಿಡಿಯತ್ತೆ, ಒಂದು ಪವರ್ ಪ್ಲಗ್ಗು ಕೇಳತ್ತೆ. ಮಿರರಲ್ಲಿ ಒಂದು ಸತ್ರೆ ಇನ್ನೊಂದರಿಂದ ನೇರವಾಗಿ ಕಾಪಿ ಆಗತ್ತೆ, ಲೆಕ್ಕಾಚಾರದ ತಾಪತ್ರಯ ಇಲ್ಲ.

ಹೆಜ್ಜೆ 2: ಡಿಸ್ಕು ಆರಿಸೋದು

ಜನ ಎಡವೋದು ಇಲ್ಲೇ, ಅದಕ್ಕೆ ಇದನ್ನ ಬಿಡಿಸಿ ಬರೀತೀನಿ.

ಹಾರ್ಡ್ ಡಿಸ್ಕಲ್ಲಿ ಎರಡು ಜಾತಿ, ಸಿಎಂಆರ್ ಮತ್ತು ಎಸ್‌ಎಂಆರ್. ಸಿಎಂಆರಲ್ಲಿ ಒಂದೊಂದು ಟ್ರ್ಯಾಕೂ ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಇರತ್ತೆ. ಎಸ್‌ಎಂಆರಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರತ್ತೆ, ಅಷ್ಟೇ ಜಾಗದಲ್ಲಿ ಜಾಸ್ತಿ ಡೇಟಾ ಹಿಡಿಸೋಕೆ. ಓದೋದಕ್ಕೆ ತೊಂದರೆ ಇಲ್ಲ, ಯಾಕಂದ್ರೆ ಓದೋ ಹೆಡ್ಡು ಬರೆಯೋ ಹೆಡ್ಡಿಗಿಂತ ಸಣ್ಣದು. ತೊಂದರೆ ಇರೋದು ತಿದ್ದೋದರಲ್ಲಿ: ಸೂರಿನ ಮಧ್ಯದ ಒಂದು ಹೆಂಚು ಬದಲಾಯಿಸ್ಬೇಕಾದ್ರೆ ಅದರ ಮೇಲಿನ ಸಾಲುಗಳನ್ನ ಎತ್ತಿ ಮತ್ತೆ ಹೊದಿಸ್ಬೇಕಲ್ಲ, ಹಾಗೇ ಇಲ್ಲೂ ಒಂದು ಸಣ್ಣ ತುಂಡು ತಿದ್ದೋಕೆ ಆ ವಲಯದಲ್ಲಿ ಮುಂದಿರೋದನ್ನೆಲ್ಲ ಓದಿ ಮತ್ತೆ ಬರೀಬೇಕು, ಒಂದು ವಲಯ ಅಂದ್ರೆ ಸಾಮಾನ್ಯವಾಗಿ 256 ಎಂಬಿ.

ಇದನ್ನ ಮುಚ್ಚೋಕೆ ಡಿಸ್ಕು ಒಂದು ಮೂಲೇಲಿ ಕ್ಯಾಶ್ ಜಾಗ ಇಟ್ಕೊಂಡಿರತ್ತೆ, ಬಂದಿದ್ದನ್ನ ಮೊದಲು ಅಲ್ಲಿ ಸುರಿದು, ಬಿಡುವಾದಾಗ ಜೋಡಿಸತ್ತೆ. ಹಾಗಾಗಿ ತಂದ ದಿನ ನಾಲ್ಕು ಸಿನಿಮಾ ಕಾಪಿ ಮಾಡಿ ನೋಡಿದ್ರೆ ಏನೂ ಗೊತ್ತಾಗಲ್ಲ. ಗೊತ್ತಾಗೋದು ರೇಡಲ್ಲಿ ಒಂದು ಡಿಸ್ಕು ಸತ್ತು, ಹೊಸದು ಹಾಕಿ ರೀಬಿಲ್ಡ್, ಅಂದ್ರೆ ಅದಕ್ಕೆ ಡೇಟಾ ಮತ್ತೆ ತುಂಬೋದು, ಶುರು ಮಾಡಿದಾಗ. ಗಂಟೆಗಟ್ಟಲೆ ಬಿಡುವಿಲ್ಲದೆ ಬರೀಬೇಕು, ಕ್ಯಾಶ್ ತುಂಬತ್ತೆ, ವೇಗ ನೆಲಕ್ಕೆ ಬೀಳತ್ತೆ, ಡಿಸ್ಕು ಉತ್ತರ ಕೊಡೋಕೆ ಎಷ್ಟೋ ಸೆಕೆಂಡ್ ತಗೊಳತ್ತೆ, ಸಾಫ್ಟ್‌ವೇರು ಈ ಡಿಸ್ಕೂ ಸತ್ತಿದೆ ಅಂದ್ಕೊಂಡು ಅದನ್ನ ಹೊರಗೆ ಹಾಕತ್ತೆ. ನನ್ನ ಗೆಳೆಯರೊಬ್ಬರ ಮನೇಲಿ ಹೀಗೇ ಆಯ್ತು, ಒಂದು ದಿನದಲ್ಲಿ ಮುಗೀಬೇಕಾದ ರೀಬಿಲ್ಡು ವಾರ ದಾಟಿದ್ರೂ ಮುಗೀಲಿಲ್ಲ, ಅಷ್ಟು ದಿನ ಒಂದೇ ಒಂದು ಡಿಸ್ಕಿನ ಭರವಸೆ ಮೇಲೆ ಅವರ ಮಗಳು ಹುಟ್ಟಿದಾಗಿಂದ ತೆಗೆದ ಫೋಟೋ ಎಲ್ಲಾ ಕೂತಿತ್ತು. ಅವರ ಮುಖ ನೋಡಿದ ಮೇಲೆ ಈ ವಿಷಯದಲ್ಲಿ ನಾನು ಯಾರಿಗೂ ಮೃದುವಾಗಿ ಹೇಳಲ್ಲ.

ಹೆಸರು ನೋಡಿ ನಂಬಬೇಡಿ. ವೆಸ್ಟರ್ನ್ ಡಿಜಿಟಲ್ಲಿನ ರೆಡ್ ಸರಣಿ ನ್ಯಾಸ್‌ಗೆ (ನೆಟ್‌ವರ್ಕಿಗೆ ಜೋಡಿಸೋ ಸ್ಟೋರೇಜ್ ಪೆಟ್ಟಿಗೆಗೆ) ಅಂತಲೇ ಮಾರೋದು, ಅದರಲ್ಲೇ 2ರಿಂದ 6 ಟಿಬಿವರೆಗಿನ ಕೆಲವು ಮಾಡೆಲ್ಲುಗಳು ಎಸ್‌ಎಂಆರ್ ಅನ್ನೋದು 2020ರಲ್ಲಿ ಹೊರಗೆ ಬಂತು, ಅಲ್ಲೀವರೆಗೆ ಕೊಂಡೋರಿಗೆ ಹೇಳಿರಲಿಲ್ಲ. ಆಮೇಲೆ ಕಂಪನಿ ಹೆಸರು ಬೇರೆ ಮಾಡಿತು: ರೆಡ್ ಪ್ಲಸ್ ಮತ್ತು ರೆಡ್ ಪ್ರೋ ಸಿಎಂಆರ್, ಬರೀ ರೆಡ್ ಎಸ್‌ಎಂಆರ್. ಸೀಗೇಟಲ್ಲಿ ಐರನ್‌ವುಲ್ಫ್ ಸಿಎಂಆರ್, ಬಾರಾಕುಡಾದ 4 ಮತ್ತು 8 ಟಿಬಿ ಎಸ್‌ಎಂಆರ್. ತೋಷಿಬಾ ಎನ್300 ಸಿಎಂಆರ್. ಅಂಗಡಿ ಪೇಜಲ್ಲಿ ಬರೆದಿದ್ದು ಲೆಕ್ಕಕ್ಕಿಲ್ಲ, ಪೂರ್ತಿ ಮಾಡೆಲ್ ನಂಬರ್ ತಗೊಂಡು ಕಂಪನಿಯ ಡೇಟಾಶೀಟಲ್ಲೇ ನೋಡಿ, ನಂಬರಿನ ಕೊನೇ ಎರಡು ಅಕ್ಷರ ಬೇರೆ ಆದ್ರೆ ಜಾತಿನೇ ಬೇರೆ ಇರಬಹುದು. ಒಂದೇ ಸಲ ಬರೆದು ಬರೀ ಓದೋ ಸಿನಿಮಾ ಡಿಸ್ಕಿಗೆ, ಬ್ಯಾಕಪ್ಪಿಗೆ ಎಸ್‌ಎಂಆರ್ ನಡೆಯತ್ತೆ ಅನ್ನೋದು ನಿಜ. ರೇಡಿಗೆ, ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ಮಿಗೆ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ಡಿಸ್ಕು ತಗೋಬಹುದಾ? ತಗೋಬಹುದು, ನಾನೂ ತಗೊಂಡಿದೀನಿ, ಆದ್ರೆ ಸ್ಮಾರ್ಟ್ ರಿಪೋರ್ಟ್ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ದಾಖಲೆ) ನೋಡದೇ ಅಲ್ಲ. 5, 197, 198 ಈ ಮೂರು ನಂಬರಿನ ಸಾಲಲ್ಲಿ (ಡಿಸ್ಕಲ್ಲಿ ಕೆಟ್ಟ ಜಾಗಗಳ ಲೆಕ್ಕ) ರಾ ವ್ಯಾಲ್ಯೂ ಸೊನ್ನೆ ಇರ್ಬೇಕು. 199 ಏರಿದ್ರೆ ಹೆಚ್ಚಾಗಿ ಕೇಬಲ್ ಕೆಟ್ಟಿರತ್ತೆ, ಡಿಸ್ಕನ್ನ ಬೈಬೇಡಿ. ಓಡಿದ ಗಂಟೆಗಳ ಲೆಕ್ಕವನ್ನ ಮಾತ್ರ ಪೂರ್ತಿ ನಂಬೋ ಹಾಗಿಲ್ಲ, 2025ರ ಶುರುವಲ್ಲಿ ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕುಗಳ ಲೆಕ್ಕ ಅಳಿಸಿ ಹೊಸದು ಅಂತ ಮಾರಿದ್ದು ಬೆಳಕಿಗೆ ಬಂತು, ಹಿಡಿದಿದ್ದು ಹೇಗೆ ಅಂದ್ರೆ ಸೀಗೇಟ್ ಡಿಸ್ಕಲ್ಲಿ ಫಾರ್ಮ್ ಅಂತ ಇನ್ನೊಂದು ಲಾಗ್ ಇರತ್ತೆ, ಮೋಸಗಾರರು ಅದನ್ನ ಅಳಿಸಿರಲಿಲ್ಲ. ಸ್ಮಾರ್ಟ್ ರಿಪೋರ್ಟ್ ಓದೋ ಟೂಲು ಸ್ಮಾರ್ಟ್‌ಸಿಟಿಎಲ್, ಅದರ 7.4ರಿಂದ ಈಚೆಗಿನ ವರ್ಷನ್ ಆ ಲಾಗನ್ನೂ ತೋರಿಸತ್ತೆ, ಎರಡರ ಗಂಟೆ ತಾಳೆ ಹಾಕಿ.

ಹೊಸದಿರಲಿ ಹಳೇದಿರಲಿ ಡೇಟಾ ಹಾಕೋ ಮೊದಲು ಒಂದು ಸಲ ಪೂರ್ತಿ ಬರೆದು ಓದಿ ಪರೀಕ್ಷೆ ಮಾಡಿ. ಬ್ಯಾಡ್‌ಬ್ಲಾಕ್ಸ್ ಅನ್ನೋ ಟೂಲು ನಾಲ್ಕು ಪ್ಯಾಟರ್ನ್ ಬರೆದು ನಾಲ್ಕು ಸಲ ಓದತ್ತೆ, 8 ಟಿಬಿಗೆ ನಾಲ್ಕು ದಿನ ಹಿಡಿಯತ್ತೆ, ಇದ್ದಿದ್ದನ್ನೆಲ್ಲ ಅಳಿಸಿಬಿಡತ್ತೆ ಅನ್ನೋದು ನೆನಪಿರಲಿ. ನಾಲ್ಕು ದಿನ ಕಾಯೋಕೆ ಆಗಲ್ಲ ಅನ್ನೋರು ಕನಿಷ್ಠ ಸ್ಮಾರ್ಟಿನ ಲಾಂಗ್ ಟೆಸ್ಟ್ ಆದ್ರೂ ಓಡಿಸಿ. ಇಲ್ಲೇ ಸೋಲೋ ಡಿಸ್ಕು ವಾಪಸ್ ಕೊಡೋಕೆ ಇನ್ನೂ ಟೈಮ್ ಇರತ್ತಲ್ಲ, ಅದೇ ಇದರ ಲಾಭ.

ಎಕ್ಸ್‌ಟರ್ನಲ್ ಡಿಸ್ಕು ಅಗ್ಗ ಸಿಗತ್ತೆ ಅಂತ ಒಡೆದು ಒಳಗಿನದು ತೆಗೆದು ಹಾಕೋದು ಒಂದು ಅಡ್ಡದಾರಿ, ವಾರಂಟಿಗೆ ತೊಡಕಾಗಬಹುದು ಅನ್ನೋದು ಒಪ್ಪಿಗೆ ಇದ್ರೆ ಮಾಡಿ. ಅಂಥ ಡಿಸ್ಕು ಹಾಕಿದ್ಮೇಲೆ ತಿರುಗ್ಲೇ ಇಲ್ಲ ಅಂದ್ರೆ ಗಾಬರಿ ಬೇಡ, ಪವರ್ ಕನೆಕ್ಟರಿನ 3ನೇ ಪಿನ್ನಲ್ಲಿ 3.3 ವೋಲ್ಟ್ ಬಂದ್ರೆ ಡಿಸ್ಕು ಆಫ್ ಆಗೇ ಇರೋ ಥರ ಹೊಸ ಸಾಟಾ (ಡಿಸ್ಕು ಜೋಡಿಸೋ ಕನೆಕ್ಟರಿನ) ನಿಯಮ ಇದೆ, ಹಳೇ ಪವರ್ ಸಪ್ಲೈಗಳು ಅಲ್ಲಿ 3.3 ವೋಲ್ಟ್ ಕೊಡ್ತಾನೇ ಇರ್ತವೆ. ಆ ಪಿನ್ ಮೇಲೆ ಕರೆಂಟ್ ಹರಿಸದ ಕಾಪ್ಟಾನ್ ಟೇಪ್ ಅಂಟಿಸಿದ್ರೆ ಡಿಸ್ಕು ಎದ್ದು ಕೂರತ್ತೆ.

ಹೆಜ್ಜೆ 3: ಪ್ರೊಸೆಸರು

ನಿಮ್ಮ ಟಿವಿಗೋ ಫೋನಿಗೋ ಆ ವಿಡಿಯೋ ಫಾರ್ಮ್ಯಾಟು ನೇರವಾಗಿ ಓಡಿಸೋಕೆ ಬಂದ್ರೆ ಸರ್ವರಿಗೆ ಕೆಲಸವೇ ಇಲ್ಲ, ಡಿಸ್ಕಿಂದ ಓದಿ ಕಳಿಸತ್ತೆ ಅಷ್ಟೇ, ಅದಕ್ಕೆ ಹತ್ತು ವರ್ಷದ ಹಳೇ ಪ್ರೊಸೆಸರೂ ಸಾಕು. ಭಾರ ಬೀಳೋದು ಫಾರ್ಮ್ಯಾಟ್ ಬದಲಾಯಿಸಿ ಕಳಿಸ್ಬೇಕಾದಾಗ, ಅಂದ್ರೆ ಟ್ರಾನ್ಸ್‌ಕೋಡಿಂಗಲ್ಲಿ. ಬ್ಲೂರೇ ಡಿಸ್ಕಿಂದ ಬಂದ ಚಿತ್ರರೂಪದ ಸಬ್‌ಟೈಟಲ್ ಆನ್ ಮಾಡಿದ್ರೆ ಎಷ್ಟೋ ಟಿವಿಗಳಿಗೆ ಅದನ್ನ ಚಿತ್ರದ ಮೇಲೇ ಅಚ್ಚು ಹಾಕಿ ಕಳಿಸ್ಬೇಕಾಗತ್ತೆ, ಪೂರ್ತಿ ಸಿನಿಮಾ ಟ್ರಾನ್ಸ್‌ಕೋಡ್. ಪ್ರೊಸೆಸರ್ ಸಾಲಲ್ಲ ಅಂತ ದೊಡ್ಡದು ತರೋಕೆ ಹೊರಟೋರಿಗೆ ನಾನು ಮೊದಲು ಹೇಳೋದು, ಅಕ್ಷರರೂಪದ ಎಸ್‌ಆರ್‌ಟಿ ಸಬ್‌ಟೈಟಲ್ ಹಾಕಿ ನೋಡಿ ಅಂತ.

ಆಮೇಲೂ ಟ್ರಾನ್ಸ್‌ಕೋಡ್ ಬೇಕು ಅಂದ್ರೆ ಇಂಟೆಲ್ಲೇ ತಗೊಳ್ಳಿ, ಅದರ ಒಳಗಿನ ಗ್ರಾಫಿಕ್ಸಲ್ಲಿರೋ ಕ್ವಿಕ್ ಸಿಂಕ್ ಈ ಕೆಲಸಕ್ಕೇ ಇರೋದು. 7ನೇ ಜನರೇಶನ್‌ನಿಂದ ಮುಂದಿಂದೆಲ್ಲ 10 ಬಿಟ್ ಎಚ್‌ಇವಿಸಿ (4ಕೆ ಸಿನಿಮಾಗಳ ವಿಡಿಯೋ ಫಾರ್ಮ್ಯಾಟು) ನಿಭಾಯಿಸತ್ತೆ. ಹೆಸರಿನ ಕೊನೇಲಿ ಎಫ್ ಇರೋದು ಅಗ್ಗ ಅಂತ ತರಬೇಡಿ, ಅದರಲ್ಲಿ ಗ್ರಾಫಿಕ್ಸೇ ಇಲ್ಲ. 2023ರಲ್ಲಿ ಬಂದ ಎನ್100 ನನಗೆ ಬಹಳ ಇಷ್ಟ, ನಾಲ್ಕು ಕೋರು, 6 ವ್ಯಾಟು, ಎವಿ1 ಅನ್ನೋ ಹೊಸ ವಿಡಿಯೋ ಫಾರ್ಮ್ಯಾಟಿನ ಡಿಕೋಡೂ ಇದೆ, ಎರಡು ಡಿಸ್ಕಿನ ಮನೆ ಸರ್ವರಿಗೆ ಅದಕ್ಕಿಂತ ದೊಡ್ಡದು ಬೇಡ. ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೋ ಎನ್‌ಕೋಡರ್ ಹಾರ್ಡ್‌ವೇರೇ ಇಲ್ಲ, ಮೀಡಿಯಾ ಸರ್ವರಿಗೆ ಅದು ಸರಿಹೋಗಲ್ಲ. ಟಿವಿಗೆ ಸಿನಿಮಾ ಕಳಿಸೋ ಸಾಫ್ಟ್‌ವೇರ್ ವಿಷಯ ಇಷ್ಟೇ, ಪ್ಲೆಕ್ಸಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಗೆ ದುಡ್ಡು ಕೊಟ್ಟು ಪಾಸ್ ತಗೋಬೇಕು, ಜೆಲ್ಲಿಫಿನಲ್ಲಿ ಎಲ್ಲಾ ಫ್ರೀ, ನಾನು ಓಡಿಸೋದು ಜೆಲ್ಲಿಫಿನ್.

ಆಫೀಸುಗಳಿಂದ ಹೊರಬೀಳೋ 8ನೇ ಜನರೇಶನ್ ಐ5 ಡೆಸ್ಕ್‌ಟಾಪುಗಳೂ ಒಳ್ಳೇ ಆಯ್ಕೆ. ಆದ್ರೆ ಕೊಳ್ಳೋ ಮೊದಲು ಬಾಗಿಲು ತೆಗೆದು ಒಳಗೆ ನೋಡಿ, ಎಷ್ಟೋ ಪೆಟ್ಟಿಗೇಲಿ 3.5 ಇಂಚಿನ ಡಿಸ್ಕಿಗೆ ಒಂದೇ ಜಾಗ ಇರತ್ತೆ, ಪವರ್ ಸಪ್ಲೈ ಕನೆಕ್ಟರೂ ಆ ಕಂಪನಿದೇ ಬೇರೆ ಥರ, ಮಾಮೂಲಿ ಎಟಿಎಕ್ಸ್ ಸಪ್ಲೈ ಕೂರಲ್ಲ.

ಹೆಜ್ಜೆ 4: ರ್ಯಾಮ್, ಬೂಟ್ ಡ್ರೈವ್, ನೆಟ್‌ವರ್ಕ್

ರ್ಯಾಮು 8 ಜಿಬಿ ನಡೆಯತ್ತೆ, 16 ಆರಾಮು, ಪ್ರತಿ ಟಿಬಿಗೆ 1 ಜಿಬಿ ಬೇಕೇ ಬೇಕು ಅನ್ನೋ ಮಾತು ಮನೆ ಬಳಕೆಗೆ ಅನ್ವಯ ಆಗಲ್ಲ. ಓಎಸ್‌ಗೆ ಒಂದು ಸಣ್ಣ ಎಸ್‌ಎಸ್‌ಡಿ. ಗಿಗಾಬಿಟ್ ಪೋರ್ಟ್ ಸಾಕು, ಸೆಕೆಂಡಿಗೆ ಸುಮಾರು 110 ಎಂಬಿ ಹೋಗತ್ತೆ, 4ಕೆ ಬ್ಲೂರೇಗೆ ಗರಿಷ್ಠ ಅಂದ್ರೂ 20 ಎಂಬಿ ಒಳಗೇ ಸಾಕು. ವೈಫೈ ಬೇಡ, ಸರ್ವರಿಗೆ ತಂತಿ ಎಳೀರಿ.

ಹೆಜ್ಜೆ 5: ಪೋರ್ಟು ಮತ್ತು ಪವರ್ರು

ಡಿಸ್ಕು ಸರಿಯಾಗಿ ಆರಿಸಿದೋರೂ ಇಲ್ಲಿ ಹಾಳು ಮಾಡ್ಕೊಳ್ತಾರೆ. ಮದರ್‌ಬೋರ್ಡಲ್ಲಿ ಆರು ಸಾಟಾ ಪೋರ್ಟ್ ಇದೆ ಅಂದ್ರೆ ಆರೂ ಕೆಲಸ ಮಾಡತ್ತೆ ಅಂತಲ್ಲ, ಎಷ್ಟೋ ಬೋರ್ಡಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ ತಕ್ಷಣ ಒಂದೆರಡು ಪೋರ್ಟ್ ಸತ್ತುಹೋಗತ್ತೆ. ಮ್ಯಾನ್ಯುವಲ್ ಡೌನ್‌ಲೋಡ್ ಮಾಡಿ ಆ ಟೇಬಲ್ ಓದಿ, ಕೊಂಡ ಮೇಲಲ್ಲ, ಮೊದಲು.

ಪೋರ್ಟ್ ಸಾಲದೇ ಹೋದ್ರೆ ಎಎಸ್‌ಎಂ1166 ಅಥವಾ ಜೆಎಂಬಿ585 ಚಿಪ್ಪಿನ ಕಾರ್ಡು ತಗೊಳ್ಳಿ, ಒಂದರಲ್ಲಿ ಆರು, ಇನ್ನೊಂದರಲ್ಲಿ ಐದು ಪೋರ್ಟು. ಎಂಟು ಡಿಸ್ಕು ಅಂದ್ರೆ ಹಳೇ ಎಲ್‌ಎಸ್‌ಐ 9211-8ಐ, ಐಟಿ ಮೋಡಿಗೆ (ಕಾರ್ಡು ತಾನೇ ರೇಡ್ ಮಾಡದೆ ಡಿಸ್ಕುಗಳನ್ನ ನೇರವಾಗಿ ಬಿಟ್ಟುಕೊಡೋ ಥರಕ್ಕೆ) ಫ್ಲ್ಯಾಶ್ ಮಾಡಿರೋದು. ಅದು ಸರ್ವರ್ ರೂಮಿನ ಗಾಳಿಗೆ ಮಾಡಿದ ಕಾರ್ಡು, ಮನೆ ಕೇಸಲ್ಲಿ ಕೈ ಸುಡೋಷ್ಟು ಬಿಸಿ ಆಗತ್ತೆ, ಹೀಟ್‌ಸಿಂಕ್ ಮೇಲೆ ಪುಟ್ಟ ಫ್ಯಾನ್ ಕಟ್ಟಲೇಬೇಕು. ಹತ್ತು ಹದಿನಾರು ಪೋರ್ಟಿನ ಅಗ್ಗದ ಕಾರ್ಡುಗಳಲ್ಲಿ ಬಹುಪಾಲು ಪೋರ್ಟ್ ಮಲ್ಟಿಪ್ಲೈಯರ್ (ಒಂದು ಪೋರ್ಟನ್ನ ಹಲವು ಡಿಸ್ಕಿಗೆ ಹಂಚೋ ಚಿಪ್ಪು) ಇರತ್ತೆ, ಒಂದು ಡಿಸ್ಕು ತಡವರಿಸಿದ್ರೆ ಆ ಗುಂಪಿನ ಎಲ್ಲಾ ಡಿಸ್ಕೂ ಒಟ್ಟಿಗೆ ಮಾಯ ಆಗಬಹುದು. ಯುಎಸ್‌ಬಿ ಡಬ್ಬಿಗಳಲ್ಲಿ ರೇಡ್ ಮಾಡೋದೂ ಬೇಡ, ಬ್ಯಾಕಪ್ಪಿಗೆ ಅವು ಚೆನ್ನಾಗಿವೆ.

ಪವರ್ ಸಪ್ಲೈ ವಿಷಯಕ್ಕೆ ಬಂದ್ರೆ, 3.5 ಇಂಚಿನ ಡಿಸ್ಕು ತಿರುಗೋಕೆ ಶುರು ಮಾಡೋ ಕೆಲವು ಸೆಕೆಂಡು 12 ವೋಲ್ಟಲ್ಲಿ ಸುಮಾರು 2 ಆಂಪ್ ಎಳೆಯತ್ತೆ, ಅಂದ್ರೆ 24 ವ್ಯಾಟು, ಆರು ಡಿಸ್ಕಿಗೆ ಹತ್ತಿರ ಹತ್ತಿರ 150. ಅದನ್ನ ನೋಡಿ 850 ವ್ಯಾಟಿಂದು ತರಬೇಡಿ, ದಿನವಿಡೀ ಸರ್ವರ್ ಇರೋದು ಮೂವತ್ತು ನಲವತ್ತು ವ್ಯಾಟಲ್ಲಿ, ಅಷ್ಟು ಕಮ್ಮಿ ಲೋಡಲ್ಲಿ ದೊಡ್ಡ ಸಪ್ಲೈ ಸುಮ್ನೆ ಕರೆಂಟ್ ಪೋಲು ಮಾಡತ್ತೆ. 400ರಿಂದ 550ರ ಒಳಗಿನ ಒಂದು ಗೋಲ್ಡ್ ರೇಟಿಂಗಿಂದು (ಕರೆಂಟ್ ಕಮ್ಮಿ ಪೋಲು ಮಾಡೋದು) ತಗೊಳ್ಳಿ. ವರ್ಷವಿಡೀ ಆನ್ ಇರೋ ಮಶೀನಲ್ಲಿ ಪ್ರತಿ 1 ವ್ಯಾಟೂ ವರ್ಷಕ್ಕೆ 8.76 ಯೂನಿಟ್.

ಡಿಸ್ಕಿಗೆ ಪವರ್ರು ಸಪ್ಲೈ ಜೊತೆ ಬಂದ ಸಾಟಾ ಕೇಬಲ್ಲಿಂದಲೇ ಕೊಡಿ. ಮೋಲೆಕ್ಸಿಂದ (ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರಿಂದ) ಸಾಟಾಗೆ ಬದಲಾಯಿಸೋ ಅಡಾಪ್ಟರಲ್ಲಿ ತಂತಿಗಳನ್ನ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದು ಮುಚ್ಚಿರೋ ಥರದ್ದು ಇರತ್ತೆ, ಒಳಗೆ ತಂತಿ ಜರುಗಿ ಒಂದಕ್ಕೊಂದು ತಾಗಿ ಬೆಂಕಿ ಹತ್ತಿದ ಉದಾಹರಣೆಗಳು ಬೇಕಾದಷ್ಟಿವೆ, ಮನೇಲಿ ಇದ್ರೆ ಇವತ್ತೇ ಬಿಸಾಕಿ. ಇನ್ನೊಂದು, ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕೋ ಥರದ) ಸಪ್ಲೈ ಕೇಬಲ್ಲು ಇನ್ನೊಂದು ಸಪ್ಲೈಗೆ ಸರಿಯಾಗಿ ಕೂತರೂ ಹಾಕಬೇಡಿ. ಸಪ್ಲೈ ಕಡೆಯ ಪಿನ್ನಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಕಂಪನಿಯ ಎರಡು ಮಾಡೆಲ್ಲಲ್ಲೂ ಬೇರೆ ಇರಬಹುದು, 5 ವೋಲ್ಟಿನ ತಂತೀಲಿ 12 ವೋಲ್ಟ್ ಹೋದ್ರೆ ಆ ಕೇಬಲ್ಲಲ್ಲಿದ್ದ ಅಷ್ಟೂ ಡಿಸ್ಕು ಒಂದೇ ಕ್ಷಣದಲ್ಲಿ ಸುಟ್ಟುಹೋಗತ್ತೆ, ಮಿರರೂ ಉಳಿಸಲ್ಲ.

ಹೆಜ್ಜೆ 6: ಕೇಸು

ಡಿಸ್ಕಿನ ಎದುರಿಗೆ ಒಂದು 120 ಎಂಎಂ ಫ್ಯಾನು, ಡಿಸ್ಕುಗಳ ಮಧ್ಯೆ ಒಂದು ಬೆರಳಿನಷ್ಟು ಜಾಗ, ಬಿಸಿ 45 ಡಿಗ್ರಿ ದಾಟದ ಹಾಗೆ, ಇಷ್ಟು ನೋಡ್ಕೊಂಡ್ರೆ ಹಳೇ ಕೇಸೇ ಆಗ್ಲಿ. ಜೊತೆಗೆ ಒಂದು ಯುಪಿಎಸ್, ಯುಎಸ್‌ಬಿ ಪೋರ್ಟ್ ಇರೋದು, ಬ್ಯಾಟರಿ ಮುಗಿಯೋ ಮೊದಲು ಸರ್ವರು ತಾನೇ ಸರಿಯಾಗಿ ಶಟ್‌ಡೌನ್ ಆಗೋಕೆ.

ಹೆಜ್ಜೆ 7: ಜೋಡಿಸೋ ದಿನ

ಮಿರರ್ ಮಾಡಿದ ಮೇಲೆ ಬ್ಯಾಕಪ್ ಯಾಕೆ ಅಂತ ಕೇಳ್ತಾರೆ. ಫೋಲ್ಡರ್ ಅಳಿಸಿದ್ರೆ ಎರಡೂ ಡಿಸ್ಕಲ್ಲಿ ಒಟ್ಟಿಗೇ ಅಳಿಯತ್ತೆ, ಅದಕ್ಕೆ. ಸಿನಿಮಾಗಳನ್ನ ಬಿಡಿ, ಮತ್ತೆ ಸಿಗತ್ತೆ, ಫೋಟೋ ಮತ್ತು ಕಾಗದಪತ್ರಗಳ ಇನ್ನೊಂದು ಪ್ರತಿ ಯುಎಸ್‌ಬಿ ಡಿಸ್ಕಿಗೆ ಹಾಕಿ ಬೇರೆ ಮನೇಲಿ ಇಡಿ.

ಮತ್ತೆ ಕೇಸಿನ ಬಾಗಿಲು ಮುಚ್ಚೋ ಮೊದಲು ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ ಒಂದು ಚೀಟೀಲಿ ದೊಡ್ಡದಾಗಿ ಬರೆದು, ಹೊರಗಿಂದ ಕಾಣೋ ಅಂಚಿಗೆ ಅಂಟಿಸಿ. ಮೂರು ವರ್ಷ ಆದ್ಮೇಲೆ ಒಂದು ದಿನ ಡಿಸ್ಕ್ ಫೇಲ್ ಅಂತ ಮೆಸೇಜ್ ಬಂದಾಗ ಸಾಫ್ಟ್‌ವೇರು ಹೇಳೋದು ಸೀರಿಯಲ್ ನಂಬರನ್ನ, ಕೇಸೊಳಗೆ ಕಾಣೋದು ಒಂದೇ ಥರದ ಎರಡು ಡಿಸ್ಕು. ಗಾಬರೀಲಿ ಚೆನ್ನಾಗಿರೋದನ್ನೇ ಕಿತ್ತು, ಸತ್ತಿರೋದನ್ನ ಒಳಗೆ ಬಿಟ್ಟೋರನ್ನ ನಾನು ಕಣ್ಣಾರೆ ನೋಡಿದೀನಿ.