ಕುದುರೆಗೆ ಹೊಟ್ಟೆನೋವು ಬಂದಾಗ ರಕ್ತದ ಕಡೆಗೂ ಗಮನ ಕೊಡುವುದು ಹೇಗೆ

ಕುದುರೆಗೆ ಜೋರು ಹೊಟ್ಟೆನೋವು ಬಂದರೆ ಎಲ್ಲರೂ ಕರುಳಿನ ಬಗ್ಗೆಯೇ ಯೋಚಿಸುತ್ತಾರೆ, ಅಲ್ವಾ? ಆದರೆ ಕರುಳು ತಿರುಚಿಕೊಂಡು ಅದರ ಗೋಡೆ ಹಾಳಾದರೆ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರಿ, ಸಣ್ಣ ರಕ್ತನಾಳಗಳಲ್ಲಿ ಅಲ್ಲಲ್ಲಿ ಹೆಪ್ಪುಗಟ್ಟಲು ಶುರುವಾಗಬಹುದು. ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಹೀಗೆ ಖರ್ಚಾದ ಮೇಲೆ, ಗಾಯವಾದ ಕಡೆ ರಕ್ತ ಬೇಗ ನಿಲ್ಲುವುದಿಲ್ಲ.

ತುಟಿ ಎತ್ತಿ ವಸಡು ನೋಡಿ. ಒತ್ತಿ ಬಿಟ್ಟರೆ ಸುಮಾರು 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಸಣ್ಣ ಕೆಂಪು ಚುಕ್ಕೆಗಳೋ ಹಲ್ಲಿನ ಸುತ್ತ ನೇರಳೆ ಗೆರೆಯೋ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಿ. ಸೂಜಿ ಚುಚ್ಚಿದ ಜಾಗದಲ್ಲಿ ಜಾಸ್ತಿ ಹೊತ್ತು ರಕ್ತ ಜಿನುಗಿದರೂ ಅಷ್ಟೇ.

ಡ್ರಿಪ್ ಹಾಕಿದ್ದರೆ ಕತ್ತಿನ ರಕ್ತನಾಳವನ್ನು ದಿನಾ ಮುಟ್ಟಿ ನೋಡಿ. ಹಗ್ಗದಂತೆ ಗಟ್ಟಿಯಾಗಿದ್ದರೆ ಒಳಗೆ ಹೆಪ್ಪುಗಟ್ಟಿರಬಹುದು, ಉಜ್ಜಬೇಡಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಣಿಕೆ ಮಾಡಿಸಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ), ಪ್ಲಾಸ್ಮಾ (ರಕ್ತದ ದ್ರವ ಭಾಗ) ಕೊಡುವುದು ಡಾಕ್ಟರಿಗೆ ಬಿಟ್ಟ ವಿಷಯ.